ಚಕ್ರವನ್ನು ನೆಲಕ್ಕೆ ಹಿಡಿಯುವ ಎಣ್ಣೆ

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸಂಗಮಿಸಿದ ಬಳಿಕ ತುಂಗಭದ್ರೆಯು ಹರಿಹರದತ್ತ ಸಾಗುವ ಹಾದಿಯಲ್ಲಿ ಹೊನ್ನಾಳಿಯ ಮಗ್ಗುಲನ್ನು ಸವರಿಕೊಂಡು ಹೋಗುತ್ತದೆ. ಈ ಊರಿನಿಂದ ಶಿವಮೊಗ್ಗೆಗೆ, ಹರಿಹರಕ್ಕೆ, ನ್ಯಾಮತಿಯ ಮೇಲೆ ಶಿಕಾರಿಪುರಕ್ಕೆ ಹೊರಡುವ ರಸ್ತೆಗಳನ್ನು ಹಿಡಿದು ನಾಲ್ಕು ದಿಕ್ಕಿಗೂ ಸಂಚರಿಸಿದವನು, ರಸ್ತೆಯೆಂಬುದು ಭೂಪಟದಲ್ಲಿ ಎಳೆದ ಗೆರೆಯಂತೆ ಸಮವಾದುದಲ್ಲ, ನಾನಾ ಉದ್ದದ ಅಲೆಗಳ ಸಮುದಾಯವೆಂಬುದನ್ನು ತನ್ನ ಬೆನ್ನೆಲುಬಿನಿಂದಲೇ ತಿಳಿದುಕೊಳ್ಳುತ್ತಾನೆ. ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವ ಎರೆಮಣ್ಣಿನ ಮೇಲೆ ಹಾಸಿದ ಡಾಂಬರು, ಕಣ್ಣಿಗೆ ಕಾಣದಷ್ಟು ನಿಧಾನವಾಗಿ, ಹತ್ತು ಹನ್ನೆರಡು ಮೀಟರಿಗೊಂದರಂತೆ ಏರಿಳಿಯುತ್ತದೆ. ಭದ್ರಾ ನಾಲೆಯ ಕವಲುಗಳನ್ನು ದಾಟಿಸುವ ಮೋರಿಗಳು ಹಠಾತ್ತನೆ ಎತ್ತಿ ಇಳಿಸುತ್ತವೆ. ಪ್ರತಿ ಹಳ್ಳಿಯ ಎರಡು ತುದಿಗಳಲ್ಲಿಯೂ ಹಂಪುಗಳುಂಟು. ತೋಟಗದ್ದೆಗಳಿಗೆ ಹೋಗುವ ಜಲ್ಲಿಹಾದಿಗಳ ಮೇಲೆ ಅಡ್ಡಡ್ಡಲಾಗಿ ಏಳುವ ಸಣ್ಣ ಸುಕ್ಕುಗಳಂತೂ ಬೇರೆಯೇ ಒಂದು ಜಾತಿಗೆ ಸೇರಿದವು. ಇವೆಲ್ಲವುಗಳ ಮೇಲೆಯೂ ಚಕ್ರವು ನೆಲವನ್ನು ಬಿಡದೆ ಓಡಬೇಕು. ಹೀಗೆ ಓಡುವಂತೆ ನೋಡಿಕೊಳ್ಳುವ ಒಂದು ಚಿಕ್ಕ ಕೊಳವೆಯ ವಿಚಾರವೇ ಈ ಅಧ್ಯಾಯದ ವಸ್ತು. ಗ್ಯಾರೇಜುಗಳಲ್ಲಿ ಅದನ್ನು ಶಾಕಪ್ಸರ್ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಉದಾಹರಣೆಗೆ ಕರ್ನಾಟಕದಲ್ಲಿಯೇ ಹುಟ್ಟಿದ ಒಂದು ಹಳೆಯ ಕಾರನ್ನು ಆರಿಸಿಕೊಳ್ಳುತ್ತೇನೆ. 1982ರಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆಯು ಡಾಲ್ಫಿನ್ ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನು ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಕಂಪೆನಿಯ ಕಿಟನ್ ಎಂಬ ಕಾರಿನ ಭಾರತೀಯ ರೂಪವಾದ ಇದಕ್ಕೆ ಉಕ್ಕಿನ ಚೌಕಟ್ಟಿನ ಮೇಲೆ ಫೈಬರ್‌ಗ್ಲಾಸಿನ ಮೈ, 848 ಸಿಸಿಯ ನಾಲ್ಕು ಸಿಲಿಂಡರಿನ ಅಲ್ಯೂಮಿನಿಯಮ್ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ, ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಪಟ್ಟಿ ಸ್ಪ್ರಿಂಗು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ, ಎರಡೇ ಬಾಗಿಲಿನ ಈ ಕಾರು ಮನೆಮಂದಿಯ ವಾಹನವಾಗಿ ನಿಲ್ಲಲಾರದೆ ಹೋಯಿತಾದರೂ, ತನ್ನ ಹಗುರತನದಿಂದಾಗಿ ಓಟದ ಸ್ಪರ್ಧೆಗಳಲ್ಲಿಯೂ ರ್ಯಾಲಿಗಳಲ್ಲಿಯೂ ಪಳಗಿದ ಚಾಲಕರ ಪ್ರೀತಿಯನ್ನು ಸಂಪಾದಿಸಿತು. ತೊಂಬತ್ತರ ದಶಕದ ಕೊನೆಯಲ್ಲಿ ರೆನೊ ಎಂಜಿನನ್ನು ಹೊತ್ತು ಬಂದ ಎರಡಾಸನದ ತೆರೆದ ಸ್ಯಾನ್ ಸ್ಟಾರ್ಮ್ ನೋಟಕ್ಕೆ ಇದಕ್ಕಿಂತ ಹೆಚ್ಚು ಸ್ಪೋರ್ಟ್ಸ್ ಕಾರೆನಿಸಿದರೂ, ವೇಗಕ್ಕಿಂತ ಹಗುರತನವನ್ನೇ ಬಂಡವಾಳ ಮಾಡಿಕೊಂಡ ಡಾಲ್ಫಿನ್ನೇ ನಮ್ಮ ವಿಚಾರಕ್ಕೆ ಹೆಚ್ಚು ಒಪ್ಪುವಂಥದು. ಫೈಬರ್‌ಗ್ಲಾಸಿಗೆ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಇಂತಹ ಕಾರಿನ ಮೈ ದಶಕಗಳ ಕಾಲ ನಿಂತೀತು. ಅದರ ಅಡಿಯಲ್ಲಿರುವ ರಬ್ಬರು, ಎಣ್ಣೆ ಮತ್ತು ಉಕ್ಕುಗಳಿಗೆ ಆ ಭಾಗ್ಯವಿಲ್ಲ.

ಶಾಕಪ್ಸರ್ ಇರುವುದು ಕುಳಿತವರ ಸುಖಕ್ಕಾಗಿ ಎಂಬ ಭಾವನೆ ಸರ್ವತ್ರ ಹಬ್ಬಿಕೊಂಡಿದೆ. ಈ ಭಾವನೆಯೇ ಅನೇಕ ಅಪಾಯಗಳಿಗೆ ಮೂಲವೆಂದು ನಾನು ತಿಳಿದಿದ್ದೇನೆ. ಏಕೆಂದರೆ ಸುಖವನ್ನು ಬಿಟ್ಟುಕೊಡಲು ಸಿದ್ಧನಿರುವ ಮನುಷ್ಯನು, ಸವೆದ ಶಾಕಪ್ಸರನ್ನೂ ಹಾಗೆಯೇ ಬಿಟ್ಟುಬಿಡುತ್ತಾನೆ. ಗುಂಡಿಯ ಪೆಟ್ಟನ್ನು ಮೊದಲು ನುಂಗುವುದು ಸ್ಪ್ರಿಂಗು. ಆದರೆ ಸ್ಪ್ರಿಂಗು ನುಂಗಿದ್ದನ್ನು ಜೀರ್ಣಿಸಿಕೊಳ್ಳಲಾರದು. ಕುಗ್ಗುವಾಗ ಪಡೆದ ಶಕ್ತಿಯನ್ನು ಹಿಗ್ಗುವಾಗ ಬಹುಮಟ್ಟಿಗೆ ಪೂರ್ತಿಯಾಗಿ ಹಿಂದಿರುಗಿಸುತ್ತದೆ. ಹಿಂದಿರುಗಿದ ಆ ಶಕ್ತಿಯು ಕಾರನ್ನು ಮೇಲಕ್ಕೆತ್ತಿ, ಕೆಳಕ್ಕೆ ಕೆಡವಿ, ಮತ್ತೆ ಎತ್ತಿ, ಎಲ್ಲಿಯಾದರೂ ಕರಗಿಹೋಗುವ ತನಕ ಆಟವಾಡಿಸುತ್ತಲೇ ಇರುತ್ತದೆ. ಅದನ್ನು ಕರಗಿಸುವ ಸ್ಥಳವೇ ಶಾಕಪ್ಸರು.

ಸ್ವಲ್ಪ ಲೆಕ್ಕವನ್ನು ಮಾಡೋಣ. ಒಂದೊಂದು ಚಕ್ರದ ಪಾಲಿಗೆ 150 ಕಿಲೋಗ್ರಾಂ ಭಾರ ಬೀಳುವ ಹಗುರ ಕಾರೊಂದನ್ನು ಊಹಿಸಿಕೊಂಡು, ಆ ಚಕ್ರದ ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಕುಗ್ಗಿಸಲು 15 ನ್ಯೂಟನ್ ಬಲ ಬೇಕೆಂದಿಟ್ಟುಕೊಂಡರೆ, ಕಾರಿನ ಮೈ ಸೆಕೆಂಡಿಗೆ ಸುಮಾರು 1.6 ಸಲ ತೂಗಾಡಬೇಕೆಂದು ಗಣಿತವು ಹೇಳುತ್ತದೆ. ಇದು ಆ ಕಾರಿನ ಸಹಜ ಆವೃತ್ತಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಒಂದು ತೂಗಾಟಕ್ಕೆ ಹತ್ತೂವರೆ ಮೀಟರ್ ಸಾಗುವುದರಿಂದ, ಎರೆಮಣ್ಣಿನ ರಸ್ತೆಯ ಆ ಹತ್ತು ಹನ್ನೆರಡು ಮೀಟರಿನ ಉಬ್ಬುತಗ್ಗುಗಳು ಕಾರಿನ ಸಹಜ ತಾಳಕ್ಕೆ ತಕ್ಕ ಸಮಯದಲ್ಲಿ ಒಂದೊಂದಾಗಿ ಬಂದು ಅದನ್ನು ಎತ್ತುತ್ತವೆ. ಭೌತವಿಜ್ಞಾನದಲ್ಲಿ ಅನುರಣನವೆಂದು ಕರೆಯುವುದು ಇದನ್ನೇ. ಕರಗಿಸುವ ಸಾಧನವಿಲ್ಲದೆ ಹೋದರೆ ತೂಗಾಟವು ಪ್ರತಿ ಉಬ್ಬಿನಲ್ಲಿಯೂ ಹೆಚ್ಚುತ್ತ ಹೋಗುತ್ತದೆ.

ಆಂದೋಲನವನ್ನು ಒಂದು ಸಲವೂ ಮರುಕಳಿಸಗೊಡದೆ ನಿಲ್ಲಿಸಲು ಬೇಕಾದ ಕನಿಷ್ಠ ಅವಮಂದನವನ್ನು ಒಂದು ಎಂದು ಕರೆದರೆ, ಸಾಮಾನ್ಯ ಕಾರುಗಳ ಶಾಕಪ್ಸರುಗಳು 0.2ರಿಂದ 0.4ರ ನಡುವೆ ಕೆಲಸ ಮಾಡುತ್ತವೆ. 0.3 ಇದ್ದಾಗ, ಒಂದು ಪೂರ್ಣ ತೂಗಾಟ ಮುಗಿಯುವಷ್ಟರಲ್ಲಿ ಅದರ ಎತ್ತರವು ಮೊದಲಿನ ಶೇಕಡಾ 14ಕ್ಕೆ ಇಳಿದುಬಿಡುತ್ತದೆ. ಸವೆದ ಶಾಕಪ್ಸರಿನಲ್ಲಿ ಇದು 0.1ಕ್ಕೆ ಬಿದ್ದಿತೆನ್ನಿ; ಆಗ ಅದೇ ಒಂದು ತೂಗಾಟದ ಕೊನೆಯಲ್ಲಿ ಶೇಕಡಾ 53ರಷ್ಟು ಉಳಿದಿರುತ್ತದೆ, ಮೂರು ತೂಗಾಟಗಳು ಕಳೆದ ಮೇಲೆಯೇ ಶೇಕಡಾ 15ಕ್ಕೆ ಬರುವುದು. ಹೊಸ ಶಾಕಪ್ಸರಿರುವ ಕಾರು ಹತ್ತು ಮೀಟರಿನಲ್ಲಿ ಶಾಂತವಾದರೆ, ಸವೆದದ್ದು ಮೂವತ್ತು ಮೀಟರಿನವರೆಗೂ ಅಸ್ಥಿರವಾಗಿಯೇ ಇರುತ್ತದೆ. ಆ ಮೂವತ್ತು ಮೀಟರಿನೊಳಗೆ ಒಂದು ತಿರುವೋ, ಎದುರಿನಿಂದ ಬರುವ ಜೋಳದ ಲಾರಿಯೋ ಇದ್ದರೆ ಚಾಲಕನ ಕೈಯಲ್ಲಿರುವುದು ಅರ್ಧ ಕಾರು ಮಾತ್ರ.

ಕಾರಿನ ಮೈ ತೂಗಾಡುವುದಾದರೂ ಕಣ್ಣಿಗೆ ಬೀಳುತ್ತದೆ. ಚಕ್ರದ ತೂಗಾಟ ಬೀಳುವುದಿಲ್ಲ. ಸ್ಪ್ರಿಂಗಿಗೂ ನೆಲಕ್ಕೂ ನಡುವೆ ಇರುವ ಚಕ್ರ, ಬ್ರೇಕು, ಅಚ್ಚಿನ ಭಾಗಗಳು ಒಟ್ಟಾಗಿ ಇಪ್ಪತ್ತೈದು ಕಿಲೋ ತೂಗುತ್ತವೆ ಎಂದುಕೊಂಡರೆ, ಗಾಳಿ ತುಂಬಿದ ಟೈರೇ ಒಂದು ಬಿರುಸಾದ ಸ್ಪ್ರಿಂಗಾಗಿ ವರ್ತಿಸುವುದರಿಂದ, ಈ ಭಾಗವು ಸೆಕೆಂಡಿಗೆ ಹನ್ನೆರಡು ಹದಿಮೂರು ಸಲ ನೆಗೆಯುವ ಸ್ವಭಾವವನ್ನು ಪಡೆದಿರುತ್ತದೆ. ಜಲ್ಲಿಹಾದಿಯ ಸುಕ್ಕುಗಳು ಅರವತ್ತು ಸೆಂಟಿಮೀಟರಿಗೊಂದರಂತೆ ಇದ್ದರೆ, ಗಂಟೆಗೆ 28 ಕಿಲೋಮೀಟರಿನಷ್ಟು ಸಾಧಾರಣ ವೇಗದಲ್ಲಿಯೇ ಚಕ್ರಗಳು ಈ ತಾಳಕ್ಕೆ ಸಿಕ್ಕಿ ನೆಲವನ್ನು ಬಿಟ್ಟು ಬಿಟ್ಟು ಓಡತೊಡಗುತ್ತವೆ. ಈ ಸುಕ್ಕುಗಳ ವಿಷಯದಲ್ಲಿ ಒಂದು ರಮ್ಯವಾದ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಟಾಬರ್ಲೆ, ಮಾರಿಸ್, ಮೆಕೆಲ್ವೇನ್ ಎಂಬ ಮೂವರು ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮರಳಿನ ಹಾಸಿನ ಮೇಲೆ ಚಕ್ರವೊಂದನ್ನು ಸುತ್ತಿಸಿ ನೋಡಿದಾಗ, ಸ್ಪ್ರಿಂಗಾಗಲಿ ಶಾಕಪ್ಸರಾಗಲಿ ಇಲ್ಲದಿದ್ದರೂ ಸುಕ್ಕುಗಳು ಏಳುತ್ತವೆಯೆಂದೂ, ಒಂದು ನಿರ್ದಿಷ್ಟ ವೇಗಕ್ಕಿಂತ ಮೆಲ್ಲಗೆ ಹೋದರೆ ಮಾತ್ರ ಹಾದಿ ಸಮವಾಗಿ ಉಳಿಯುತ್ತದೆಯೆಂದೂ ಕಂಡುಬಂದಿತು. ರಸ್ತೆಯ ಸುಕ್ಕನ್ನು ನಾವು ತಡೆಯಲಾರೆವು. ಅದರ ಮೇಲೆ ಚಕ್ರ ಹೇಗೆ ನಡೆಯಬೇಕೆಂಬುದನ್ನು ನಿರ್ಣಯಿಸಬಲ್ಲೆವು.

ನೆಲವನ್ನು ಬಿಟ್ಟ ಚಕ್ರ ಬ್ರೇಕು ಹಿಡಿಯುವುದಿಲ್ಲ, ತಿರುಗಿಸಿದತ್ತ ತಿರುಗುವುದೂ ಇಲ್ಲ. ಹಿಡಿತ ಕುಂದಲು ನೆಲವನ್ನು ಪೂರ್ತಿ ಬಿಡಬೇಕಾಗಿಯೂ ಇಲ್ಲ. ಟೈರಿನ ಹಿಡಿತವು ಅದರ ಮೇಲಿನ ಭಾರಕ್ಕೆ ಸರಿಸಮಾನವಾಗಿ ಹೆಚ್ಚುವುದಿಲ್ಲವೆಂಬುದು ಟೈರುಗಳ ವಿಲಕ್ಷಣ ಗುಣ: ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಗಿಂತ ಕಡಿಮೆಯಾಗಿಯೇ ಹೆಚ್ಚುತ್ತದೆ. ಆದಕಾರಣ ಒಂದು ಕ್ಷಣ ಹಗುರವಾಗಿ ಮರುಕ್ಷಣ ಭಾರವಾಗುವ ಚಕ್ರವು, ಸರಾಸರಿಯಲ್ಲಿ ಅದೇ ಭಾರವನ್ನು ಹೊತ್ತಿದ್ದರೂ, ನೆಮ್ಮದಿಯಾಗಿ ಉರುಳುವ ಚಕ್ರಕ್ಕಿಂತ ಕಡಿಮೆ ಹಿಡಿತವನ್ನು ಕೊಡುತ್ತದೆ. ಡಾಲ್ಫಿನ್ನಿನಂತಹ ಹಗುರ ಕಾರಿಗೆ ಇದು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಮೈ ಹಗುರವಾದಷ್ಟೂ ಚಕ್ರ ಮತ್ತು ಅಚ್ಚಿನ ತೂಕದ ಪಾಲು ದೊಡ್ಡದಾಗುವುದರಿಂದ, ನೆಗೆಯುವ ಚಕ್ರವನ್ನು ಮೇಲಿನಿಂದ ಒತ್ತಿ ಹಿಡಿಯುವ ಭಾರವೇ ಅಲ್ಲಿ ಅಲ್ಪ.

ಈಗ ಕೊಳವೆಯ ಒಳಕ್ಕೆ ಇಣುಕೋಣ. ಎಣ್ಣೆ ತುಂಬಿದ ಸಿಲಿಂಡರಿನೊಳಗೆ ಒಂದು ಪಿಸ್ಟನ್. ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ರಂಧ್ರಗಳು. ಆ ರಂಧ್ರಗಳ ಮೇಲೆ ತೆಳ್ಳಗಿನ ಉಕ್ಕಿನ ಬಿಲ್ಲೆಗಳು. ಚಕ್ರ ಮೇಲೆ ಕೆಳಗೆ ಆಡಿದಾಗ ಪಿಸ್ಟನ್ ಎಣ್ಣೆಯನ್ನು ಆ ಇಕ್ಕಟ್ಟಾದ ದಾರಿಗಳ ಮೂಲಕ ನುಗ್ಗಿಸುತ್ತದೆ. ಹೊನ್ನಾಳಿಯ ಹೊಳೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಅಂಗೈಯನ್ನು ಮೆಲ್ಲಗೆ ಆಡಿಸಿದರೆ ನೀರು ಅಡ್ಡಿ ಮಾಡುವುದಿಲ್ಲ, ಬೀಸಿ ಹೊಡೆದರೆ ಗಟ್ಟಿಯಾಗಿ ಎದುರುನಿಲ್ಲುತ್ತದೆ. ಇಕ್ಕಟ್ಟಾದ ರಂಧ್ರದಲ್ಲಿ ಎಣ್ಣೆಯೂ ಹಾಗೆಯೇ. ರಂಧ್ರವೊಂದೇ ಇದ್ದಿದ್ದರೆ ವೇಗ ಇಮ್ಮಡಿಯಾದಾಗ ಪ್ರತಿರೋಧ ನಾಲ್ಮಡಿಯಾಗಿ, ಗುಂಡಿಯ ತೀವ್ರ ಪೆಟ್ಟಿಗೆ ಶಾಕಪ್ಸರು ಸರಳಿನಂತೆ ಬಿಗಿದುಕೊಳ್ಳುತ್ತಿತ್ತು. ಅದಕ್ಕಾಗಿಯೇ ಆ ಬಿಲ್ಲೆಗಳು: ಒತ್ತಡ ಮಿತಿಮೀರಿದಾಗ ಅವು ಬಾಗಿ ಎಣ್ಣೆಗೆ ಇನ್ನಷ್ಟು ದಾರಿಯನ್ನು ಬಿಡುತ್ತವೆ. ಸಾಮಾನ್ಯವಾಗಿ ಹಿಗ್ಗುವಾಗಿನ ಪ್ರತಿರೋಧವನ್ನು ಕುಗ್ಗುವಾಗಿನದಕ್ಕಿಂತ ಎರಡು ಮೂರು ಪಾಲು ಹೆಚ್ಚಿಗೆ ಇಡುತ್ತಾರೆ. ಉಬ್ಬನ್ನು ಹತ್ತುವ ಚಕ್ರವನ್ನು ಸರಾಗವಾಗಿ ಏರಗೊಟ್ಟು, ಮೇಲಕ್ಕೆ ಚಿಮ್ಮಬಯಸುವ ಸ್ಪ್ರಿಂಗನ್ನು ಹಿಡಿದೆಳೆಯುವುದು ಇದರ ಉದ್ದೇಶ. ಹೀಗೆ ಕಿರಿದಾದ ದಾರಿಯಲ್ಲಿ ತಳ್ಳಲ್ಪಟ್ಟ ಎಣ್ಣೆ ಬಿಸಿಯಾಗುತ್ತದೆ. ಕೆಟ್ಟ ರಸ್ತೆಯಲ್ಲಿ ಒಂದು ಗಂಟೆ ಓಡಿದ ಕಾರಿನ ಶಾಕಪ್ಸರಿನ ಬಳಿ ಕೈ ಚಾಚಿದರೆ ಆ ಬಿಸಿಯನ್ನು ಪ್ರತ್ಯಕ್ಷವಾಗಿ ಅನುಭವಿಸಬಹುದು. ರಸ್ತೆಯ ಗುಂಡಿಗಳೆಲ್ಲ ಅಲ್ಲಿ ಉಷ್ಣವಾಗಿ ಪರಿಣಮಿಸಿರುತ್ತವೆ.

ಈ ಯುಕ್ತಿ ಒಮ್ಮೆಗೇ ಹೊಳೆದದ್ದಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನ ಟ್ರುಫೋ, ಅವನ ಹಕ್ಕನ್ನು ಪಡೆದ ಅಮೆರಿಕದ ಹಾರ್ಟ್‌ಫರ್ಡ್ ಇವರು ಬಳಕೆಗೆ ತಂದ ಸಾಧನದಲ್ಲಿ ಎಣ್ಣೆಯಿರಲಿಲ್ಲ; ಒಂದಕ್ಕೊಂದು ಒತ್ತಿಕೊಂಡ ಬಿಲ್ಲೆಗಳ ಒಣ ಘರ್ಷಣೆಯೇ ಆಂದೋಲನವನ್ನು ತಡೆಯುತ್ತಿತ್ತು. ಒಣ ಘರ್ಷಣೆಗೆ ವೇಗದ ವಿವೇಕವಿಲ್ಲ. ಸಣ್ಣ ಉಬ್ಬಿಗೆ ಅದು ಜಗ್ಗುವುದೇ ಇಲ್ಲ, ದೊಡ್ಡ ಗುಂಡಿಗೆ ಸಾಲದು. ಫ್ರಾನ್ಸಿನವನೇ ಆದ ಹುಡಾಯ್ ಎಂಬವನು ಎಣ್ಣೆಯನ್ನು ಬಳಸಿದ ತಿರುಗುವ ಮಾದರಿಯನ್ನು ರಚಿಸಿದನು. 1928ರ ಮಾದರಿಯ ಫೋರ್ಡ್ ಕಾರಿನಲ್ಲಿ ಅದೇ ಇತ್ತು. ನಾವಿಂದು ಕಾಣುವ ನೆಟ್ಟನೆಯ ಕೊಳವೆಯ ಮಾದರಿ ಎಲ್ಲೆಡೆ ಹಬ್ಬಿದ್ದು ಎರಡನೆಯ ಮಹಾಯುದ್ಧದ ಅನಂತರ. ದೆ ಕಾರ್ಬನ್ ಎಂಬ ಫ್ರೆಂಚ್ ವಿಜ್ಞಾನಿಯ ಕಲ್ಪನೆಯನ್ನು ಆಧರಿಸಿ ಜರ್ಮನಿಯ ಬಿಲ್‌ಸ್ಟೈನ್ ಸಂಸ್ಥೆ ಐವತ್ತರ ದಶಕದಲ್ಲಿ ತಯಾರಿಸಿದ ಅನಿಲದ ಶಾಕಪ್ಸರು ಇದರ ಮುಂದಿನ ಹೆಜ್ಜೆ; ಒತ್ತಡದಲ್ಲಿರುವ ಸಾರಜನಕವು ಎಣ್ಣೆ ನೊರೆಯಾಗದಂತೆ ಕಾಯುತ್ತದೆ. ನೊರೆ ಏಕೆ ಕೆಟ್ಟದ್ದೆಂದರೆ, ಗಾಳಿಯ ಗುಳ್ಳೆ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ನೊರೆಯನ್ನು ರಂಧ್ರದಲ್ಲಿ ನೂಕಿದ ಪಿಸ್ಟನ್ನಿಗೆ ಅಡ್ಡಿಯೇ ಸಿಗುವುದಿಲ್ಲ.

ಸವೆತವು ಹೇಗೆ ಬರುತ್ತದೆ? ಸೆಕೆಂಡಿಗೆ 1.6ರಂತೆ ಕಾರಿನ ಮೈಯ ತೂಗಾಟಗಳನ್ನು ಮಾತ್ರವೇ ಎಣಿಸಿದರೂ ಒಂದು ಗಂಟೆಯ ಪ್ರಯಾಣದಲ್ಲಿ ಐದು ಸಾವಿರಕ್ಕೂ ಮಿಕ್ಕ ಚಲನೆಗಳು. ಪಿಸ್ಟನ್ನಿನ ಸರಳು ಹೊರಬರುವ ಬಾಯಿಯಲ್ಲಿ ಕುಳಿತ ಆಯಿಲ್ ಸೀಲು ಧೂಳಿನಿಂದಲೂ ಬಿಸಿಯಿಂದಲೂ ಗಡುಸಾಗಿ ಬಿರಿಯುತ್ತದೆ, ಎಣ್ಣೆ ಜಿನುಗುತ್ತದೆ, ಜಿನುಗಿದಷ್ಟೂ ಜಾಗಕ್ಕೆ ಗಾಳಿ ಸೇರುತ್ತದೆ, ಬಿಲ್ಲೆಗಳ ಬಿಗುಪು ಸಡಿಲುತ್ತದೆ. ಇದೆಲ್ಲವೂ ವರ್ಷಗಟ್ಟಲೆ ನಡೆಯುವ ಕ್ರಿಯೆ. ಇಂದಿನ ಕಾರು ನಿನ್ನೆಯ ಕಾರಿಗಿಂತ ಕೆಟ್ಟದ್ದೆಂದು ಯಾವ ದಿನವೂ ತೋರುವುದಿಲ್ಲ. ಚಾಲಕನು ತನಗೆ ಅರಿವಿಲ್ಲದೆಯೇ ತಿರುವಿನಲ್ಲಿ ಇನ್ನಷ್ಟು ನಿಧಾನಿಸುತ್ತ, ಬ್ರೇಕನ್ನು ಇನ್ನಷ್ಟು ಮೊದಲೇ ಒತ್ತುತ್ತ, ಕಾರಿನ ದೌರ್ಬಲ್ಯವನ್ನು ತನ್ನ ಅಭ್ಯಾಸದಿಂದ ತುಂಬಿಕೊಡುತ್ತಾನೆ. ಅನಿರೀಕ್ಷಿತವಾಗಿ ಬ್ರೇಕು ಒತ್ತಬೇಕಾದ ದಿನ ಆ ಅಭ್ಯಾಸ ಉಪಯೋಗಕ್ಕೆ ಬರುವುದಿಲ್ಲ.

ಪರೀಕ್ಷೆಗೆ ಎಲ್ಲರೂ ಬಲ್ಲ ಒಂದು ಕ್ರಮವುಂಟು: ಕಾರಿನ ಮೂಲೆಯನ್ನು ಮೈಭಾರ ಹಾಕಿ ಒತ್ತಿ ಬಿಟ್ಟರೆ, ಅದು ಮೇಲೆದ್ದು ಒಮ್ಮೆ ತಗ್ಗಿ ನಿಲ್ಲಬೇಕು, ಎರಡು ಮೂರು ಸಲ ತೂಗಿದರೆ ಶಾಕಪ್ಸರು ಮುಗಿಯಿತೆಂದು ತಿಳಿಯಬೇಕು. ಆದರೆ ಈ ಪರೀಕ್ಷೆಯಲ್ಲಿ ಉತ್ತೀರ್ಣವಾದ ಮಾತ್ರಕ್ಕೆ ನಿಶ್ಚಿಂತರಾಗಕೂಡದು. ಡಾಲ್ಫಿನ್ನಿನ ಹಿಂಭಾಗದಲ್ಲಿರುವಂತಹ ಪಟ್ಟಿ ಸ್ಪ್ರಿಂಗುಗಳ ಎಲೆಗಳ ನಡುವೆ ತುಕ್ಕು ಕೂತಿದ್ದರೆ, ಆ ಎಲೆಗಳ ಒಣ ಘರ್ಷಣೆಯೇ ಕೈಯೊತ್ತಿನ ಮೆಲ್ಲನೆಯ ತೂಗಾಟವನ್ನು ತಡೆದು, ಸತ್ತ ಶಾಕಪ್ಸರನ್ನು ಬದುಕಿದಂತೆ ತೋರಿಸುತ್ತದೆ. ಟ್ರುಫೋನ ಕಾಲದ ಸಾಧನ ಯಾರೂ ಬಯಸದೆ ಮರಳಿ ಬಂದಂತಾಯಿತು. ಆದ್ದರಿಂದ ಕಣ್ಣಿನ ಸಾಕ್ಷ್ಯವನ್ನೂ ಕೇಳಬೇಕು: ಕೊಳವೆಯ ಮೇಲೆ ಎಣ್ಣೆಯ ಪಸೆಯಲ್ಲಿ ಅಂಟಿದ ಕರಿಯ ಧೂಳು, ಟೈರಿನ ಸುತ್ತ ಅಲ್ಲಲ್ಲಿ ಬಟ್ಟಲಿನಂತೆ ತಗ್ಗಾದ ಸವೆತ, ಬ್ರೇಕು ಹಿಡಿದಾಗ ಮೂತಿ ಕುಕ್ಕುವುದು, ಹಂಪು ಇಳಿದಾಗ ಬುಷ್ಷುಗಳಿಂದ ಬರುವ ಟಕಟಕ ಸದ್ದು.

ಬದಲಾಯಿಸುವ ಕೆಲಸದಲ್ಲಿ ಹಿಂಭಾಗ ಸುಲಭ, ಮುಂಭಾಗ ಅಪಾಯಕರ. ಹಿಂದೆ ಪಟ್ಟಿ ಸ್ಪ್ರಿಂಗು ಬೇರೆ, ಶಾಕಪ್ಸರು ಬೇರೆ. ಜ್ಯಾಕನ್ನು ಮಾತ್ರ ನಂಬದೆ ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕಾರನ್ನು ನಿಲ್ಲಿಸಿ, ಅಚ್ಚಿಗೆ ಕೆಳಗಿನಿಂದ ಆಧಾರ ಕೊಟ್ಟು, ಮೇಲಿನ ಮತ್ತು ಕೆಳಗಿನ ಬೋಲ್ಟುಗಳನ್ನು ಬಿಚ್ಚಿದರಾಯಿತು. ದಶಕಗಳ ತುಕ್ಕು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲವೆಂಬುದು ಬೇರೆ ಮಾತು. ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿಟ್ಟಿರಬೇಕು. ಮುಂದೆ ಶಾಕಪ್ಸರನ್ನು ಸುತ್ತಿಕೊಂಡು ಸುರುಳಿ ಸ್ಪ್ರಿಂಗು ಬಿಗಿಯಾಗಿ ಕುಳಿತಿರುವ ರಚನೆಗಳಲ್ಲಿ ಬಹು ಎಚ್ಚರ ಬೇಕು. ಒಂದು ಮಿಲಿಮೀಟರಿಗೆ 25 ನ್ಯೂಟನ್ ಕೇಳುವ ಸ್ಪ್ರಿಂಗು ಹನ್ನೆರಡು ಸೆಂಟಿಮೀಟರ್ ಕುಗ್ಗಿದ್ದರೆ ಅದರೊಳಗೆ 180 ಜೌಲ್ ಶಕ್ತಿ ಅಡಗಿರುತ್ತದೆ. ಹದಿನೆಂಟು ಕಿಲೋ ಭಾರವು ಒಂದು ಮೀಟರ್ ಎತ್ತರದಿಂದ ಬಿದ್ದಾಗ ಬರುವಷ್ಟು. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸರಿಯಾದ ಸಾಧನವಿಲ್ಲದೆ, ಹಗ್ಗವನ್ನೋ ತಂತಿಯನ್ನೋ ಸುತ್ತಿ ನಡುವಿನ ನಟ್ಟನ್ನು ಬಿಚ್ಚುವವರನ್ನು ಕಂಡರೆ ಕೈಹಿಡಿದು ನಿಲ್ಲಿಸಬೇಕು.

ಕಳಚಿದ ಹಳೆಯ ಶಾಕಪ್ಸರನ್ನು ನೆಟ್ಟಗೆ ಹಿಡಿದು ಸರಳನ್ನು ಒತ್ತಿ ನೋಡಿರಿ. ಮೊದಲು ಸ್ವಲ್ಪ ದೂರ ಏನೂ ಇಲ್ಲದ ಹಾಗೆ ಜಾರುತ್ತದೆ, ಆಮೇಲೆ ಥಟ್ಟನೆ ಬಿಗಿ ಸಿಗುತ್ತದೆ. ಆ ಖಾಲಿ ಜಾರುವಿಕೆಯೇ ಸೋರಿಹೋದ ಎಣ್ಣೆಯ ಲೆಕ್ಕ. ಮೇಲಕ್ಕೆಳೆದಾಗ ಒಳಗಿನಿಂದ ಲೊಚಲೊಚ ಸದ್ದು ಬಂದರೆ ಎಣ್ಣೆಯೂ ಗಾಳಿಯೂ ಕಲೆತಿವೆಯೆಂದು ಅರ್ಥ. ಹೊಸದಾಗಿ ತಂದ, ಒಂದರೊಳಗೊಂದು ಎರಡು ಕೊಳವೆಗಳಿರುವ ಮಾದರಿಯೂ, ಅಂಗಡಿಯಲ್ಲಿ ಅಡ್ಡ ಮಲಗಿದ್ದರಿಂದ, ಮೊದಲು ಹೀಗೆಯೇ ಜಾರೀತು, ಗಾಬರಿಯಾಗಬೇಕಾಗಿಲ್ಲ. ಕಾರಿನಲ್ಲಿ ನಿಲ್ಲುವ ಭಂಗಿಯಲ್ಲಿಯೇ ನೆಟ್ಟಗೆ ಹಿಡಿದು ಐದಾರು ಸಲ ನಿಧಾನವಾಗಿ ಪೂರ್ತಿ ಎಳೆದು ಪೂರ್ತಿ ಒತ್ತಿದರೆ, ಒಳಗಿನ ಗಾಳಿ ಹೊರಕೊಳವೆಗೆ ಸರಿದು, ಉದ್ದಕ್ಕೂ ಒಂದೇ ಬಿಗಿ ಬರುತ್ತದೆ. ಸರಳು ತಿರುಗುತ್ತದೆಯೆಂದು ಅದನ್ನು ಇಕ್ಕಳದಿಂದ ಕಚ್ಚಿ ಹಿಡಿಯುವವರುಂಟು. ಹೊಳಪಿನ ಆ ಮೈಮೇಲೆ ಎದ್ದ ಒಂದೇ ಒಂದು ಗೀರು, ಪ್ರತಿ ಚಲನೆಯಲ್ಲಿಯೂ ಸೀಲನ್ನು ಕೊಯ್ಯುತ್ತ, ಹೊಸ ಶಾಕಪ್ಸರನ್ನು ಬೇಗನೆ ಹಳತಾಗಿಸುತ್ತದೆ. ರಬ್ಬರಿನ ಬುಷ್ಷುಗಳ ಬೋಲ್ಟನ್ನು ಕಾರು ಗಾಳಿಯಲ್ಲಿ ತೂಗುತ್ತಿರುವಾಗಲೇ ಪೂರ್ತಿ ಬಿಗಿಯುವುದೂ ತಪ್ಪು. ಚಕ್ರಗಳು ನೆಲಕ್ಕೆ ತಗುಲಿ ಕಾರು ತನ್ನ ಸಹಜ ಎತ್ತರಕ್ಕೆ ಬಂದ ಮೇಲೆಯೇ ಬಿಗಿಯಬೇಕು, ಇಲ್ಲವಾದರೆ ರಬ್ಬರು ಸದಾಕಾಲ ತಿರುಚಿಕೊಂಡೇ ಇದ್ದು ಹರಿದುಹೋಗುತ್ತದೆ.

ತಯಾರಿಕೆ ನಿಂತುಹೋದ ಕಾರಿಗೆ ಹೊಸ ಶಾಕಪ್ಸರನ್ನು ಎಲ್ಲಿಂದ ತರುವುದು? ಅದೇ ಹೆಸರಿನದು ಸಿಗದೆ ಇದ್ದರೂ ಅದೇ ಅಳತೆಯದು ಸಿಕ್ಕೀತು. ಪೂರ್ತಿ ಕುಗ್ಗಿದಾಗಿನ ಉದ್ದ, ಪೂರ್ತಿ ಹಿಗ್ಗಿದಾಗಿನ ಉದ್ದ, ತುದಿಗಳಲ್ಲಿ ಕಣ್ಣಿದೆಯೋ ಮೊಳೆಯಿದೆಯೋ ಎಂಬುದು, ಬೋಲ್ಟಿನ ವ್ಯಾಸ, ಇಷ್ಟನ್ನು ಬರೆದುಕೊಂಡು, ಸುಮಾರು ಅದೇ ತೂಕದ ಮತ್ತೊಂದು ಕಾರಿನ ಶಾಕಪ್ಸರನ್ನು ಹೊಂದಿಸಬಹುದು. ರಬ್ಬರಿನ ತಡೆಗಟ್ಟುಗಳಿಗೆ ಅಚ್ಚು ತಗುಲುವ ಮೊದಲೇ ಪಿಸ್ಟನ್ ತಳ ಮುಟ್ಟುವಂತಿರಬಾರದು. ಹಳೆಯದನ್ನೇ ಕತ್ತರಿಸಿ, ದಪ್ಪನೆಯ ಎಂಜಿನ್ ಆಯಿಲನ್ನು ತುಂಬಿ, ಬೆಸುಗೆ ಹಾಕಿ ಕೊಡುವ ಪದ್ಧತಿಯನ್ನು ನಾನು ಒಪ್ಪಲಾರೆ. ಸಡಿಲಿದ ಬಿಲ್ಲೆಯ ಕೆಲಸವನ್ನು ದಪ್ಪ ಎಣ್ಣೆ ಮಾಡಲಾರದು; ಅದು ಬೆಳಗಿನ ಚಳಿಯಲ್ಲಿ ಬಿಗಿದುಕೊಂಡು, ಬಿಸಿಯೇರಿದಾಗ ತೆಳ್ಳಗಾಗಿ, ಎರಡು ಹೊತ್ತಿಗೆ ಎರಡು ಬಗೆಯ ಕಾರನ್ನು ಕೊಡುತ್ತದೆ. ಸ್ಪೋರ್ಟ್ಸ್ ಕಾರೆಂಬ ಅಭಿಮಾನದಿಂದ ಅತಿ ಬಿರುಸಾದುದನ್ನು ಹಾಕಿಸುವುದೂ ಅಷ್ಟೇ ಅವಿವೇಕ: ಹಿಗ್ಗುವಾಗ ಹೆಚ್ಚಾಗಿ ತಡೆಯುವ ಶಾಕಪ್ಸರು, ಒಂದು ಉಬ್ಬಿನಿಂದ ಇಳಿದ ಚಕ್ರವು ಪೂರ್ತಿ ಕೆಳಕ್ಕೆ ಬರುವ ಮೊದಲೇ ಮತ್ತೊಂದು ಉಬ್ಬನ್ನು ಎದುರಿಸುವಂತೆ ಮಾಡಿ, ಸುಕ್ಕಿನ ಹಾದಿಯಲ್ಲಿ ಕಾರನ್ನು ಕ್ರಮಕ್ರಮವಾಗಿ ಕುಗ್ಗಿಸಿಬಿಡುತ್ತದೆ.

ಒಂದನ್ನು ಮಾತ್ರ ಬದಲಾಯಿಸಿ ಅದರ ಜೋಡಿಯನ್ನು ಹಾಗೆಯೇ ಬಿಡಕೂಡದು. ಒಂದೇ ಅಚ್ಚಿನ ಎಡಬಲಗಳಲ್ಲಿ ಅವಮಂದನ ಭಿನ್ನವಾದರೆ, ಒಂದೇ ಗುಂಡಿಗೆ ಎರಡು ಚಕ್ರಗಳೂ ಎರಡು ಬಗೆಯಾಗಿ ಉತ್ತರಿಸಿ, ಬ್ರೇಕು ಹಿಡಿದಾಗ ಕಾರು ಪಕ್ಕಕ್ಕೆ ಎಳೆಯತೊಡಗುತ್ತದೆ. ಜೋಡಿಯಾಗಿ ಹಾಕಿಸಿ, ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಸಿ ನೋಡಬೇಕು.

ಹಳೆಯ ಕಾರನ್ನು ಪ್ರೀತಿಯಿಂದ ಉಳಿಸಿಕೊಂಡಿರುವವರಲ್ಲಿ ನನ್ನದೊಂದು ವಿಜ್ಞಾಪನೆ. ಬಣ್ಣಕ್ಕೂ ಸೀಟಿನ ಹೊದಿಕೆಗೂ ಎಂಜಿನ್ನಿನ ಹೆಚ್ಚಿನ ಬಲಕ್ಕೂ ಹಣವನ್ನು ತೆಗೆದಿಡುವ ಮೊದಲು, ಟೈರು, ಬ್ರೇಕು, ಶಾಕಪ್ಸರು ಈ ಮೂರಕ್ಕೆ ತೆಗೆದಿಡಿರಿ; ಮತ್ತು ನಿಮ್ಮ ಕಾರು ಕಳೆದ ಹಲವು ವರ್ಷಗಳಿಂದ ಚೆನ್ನಾಗಿಯೇ ಓಡುತ್ತಿದೆಯೆಂದು ನಿಮಗೆ ತೋರಿದರೂ ಸಹ, ಅದನ್ನು ಎಂದೂ ಓಡಿಸದ ಬಲ್ಲವರೊಬ್ಬರ ಕೈಗೆ ಒಮ್ಮೆ ಕೊಟ್ಟು, ಅವರಿಗೆ ಹೇಗೆನಿಸಿತೆಂದು ಕೇಳಿರಿ.